15 ಕಿಲೋದೊಳಗೆ ಡೈವಿಂಗ್ ಸಾಮಾನು: ನನ್ನ ಅನುಭವ

ಅಂಡಮಾನ್‌ಗೆ ಡೈವಿಂಗ್‌ಗೆ ಹೊರಟಾಗ ನಾನು ಮೊದಲು ಹೊರಗೆ ತೆಗೆಯುವುದು ಬ್ಯಾಗ್ ತೂಗುವ ಕಾಟಾ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಬೆಂಗಳೂರು, ಅಲ್ಲಿಂದ ಶ್ರೀ ವಿಜಯಪುರಂ, ಅಂದರೆ ಹಳೆಯ ಪೋರ್ಟ್ ಬ್ಲೇರ್. ಆಮೇಲೆ ಹಡಗಿನಲ್ಲಿ ಸ್ವರಾಜ್ ದ್ವೀಪ, ಅಂದರೆ ಹಳೆಯ ಹ್ಯಾವ್‌ಲಾಕ್. ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯವಾಗಿ ಚೆಕ್-ಇನ್‌ಗೆ 15 ಕಿಲೋ, ಕೈಬ್ಯಾಗಿಗೆ 7 ಕಿಲೋ. ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ಸಾಧನ), ಬಿಸಿಡಿ ಜಾಕೆಟ್ (ಗಾಳಿ ತುಂಬಿ ತೇಲುವುದನ್ನು ಹಿಡಿತದಲ್ಲಿಡುವ ಜಾಕೆಟ್), ಫಿನ್ಸ್ (ಈಜಲು ಕಾಲಿಗೆ ಹಾಕುವ ರೆಕ್ಕೆ), ವೆಟ್‌ಸೂಟ್ (ಮೈ ಬೆಚ್ಚಗಿಡುವ ಉಡುಪು) ಎಲ್ಲ ಸೇರಿದರೆ ಸುಮಾರು 10 ಕಿಲೋ ಅಲ್ಲೇ ಮುಗಿಯುತ್ತದೆ. ಬಟ್ಟೆ ಇನ್ನೂ ಬಾಕಿ!

ಅದಕ್ಕೆ ನನ್ನ ಲೆಕ್ಕ ಇಷ್ಟೇ. ಮುಖಕ್ಕೆ ಕೂರುವುದು, ಉಸಿರು ಕೊಡುವುದು, ಆಳ ತೋರಿಸುವುದು ನನ್ನದೇ ಇರಬೇಕು. ಮಾಸ್ಕ್, ರೆಗ್ಯುಲೇಟರ್, ಡೈವ್ ಕಂಪ್ಯೂಟರ್. ಈ ಮೂರೂ ಕೈಬ್ಯಾಗಿನಲ್ಲೇ ಬರುತ್ತವೆ. ಚೆಕ್-ಇನ್ ಬ್ಯಾಗ್ ತಡವಾದರೂ ಅಲ್ಲಿ ಫಿನ್ಸ್, ಜಾಕೆಟ್ ಬಾಡಿಗೆಗೆ ಸಿಗುತ್ತವೆ. ಆದರೆ ನಿಮ್ಮ ಮುಖಕ್ಕೆ ಹೊಂದುವ ಮಾಸ್ಕ್ ಸಿಗುತ್ತದೆ ಅನ್ನುವ ನಂಬಿಕೆ ಇಲ್ಲ. ಸಿಲಿಂಡರ್, ಮುಳುಗಲು ಕಟ್ಟಿಕೊಳ್ಳುವ ಸೀಸದ ತೂಕ ಡೈವ್ ಸೆಂಟರಿನವರೇ ಕೊಡುತ್ತಾರೆ. ಜಾಗ ಕಡಿಮೆ ಬಿದ್ದರೆ ನಾನು ಮೊದಲು ಬಿಡುವುದು ಬಿಸಿಡಿ. ನೀರು 27ರಿಂದ 30 ಡಿಗ್ರಿ ಇರುವುದರಿಂದ 3 ಎಂಎಂ ವೆಟ್‌ಸೂಟ್ ಸಾಕು.

ಹೊರಡುವ ವಾರ ಮೊದಲೇ ಮನೆಯಲ್ಲಿ ಎಲ್ಲ ಪರೀಕ್ಷೆ ಮಾಡುತ್ತೇನೆ. ಸಿಲಿಂಡರ್ ಇಲ್ಲದೆಯೂ ಸುಮಾರು ವಿಷಯ ತಿಳಿಯುತ್ತದೆ. ರೆಗ್ಯುಲೇಟರಿನ ಫಸ್ಟ್ ಸ್ಟೇಜ್‌ಗೆ, ಅಂದರೆ ಸಿಲಿಂಡರಿಗೆ ಕೂರುವ ಭಾಗಕ್ಕೆ, ಧೂಳಿನ ಮುಚ್ಚಳ ಬಿಗಿಯಾಗಿ ಹಾಕಿ, ಸೆಕೆಂಡ್ ಸ್ಟೇಜ್ ಬಾಯಲ್ಲಿಟ್ಟು ಮೆಲ್ಲಗೆ ಉಸಿರೆಳೆಯಿರಿ. ಗಾಳಿ ಬರಲೇಬಾರದು. ಚೂರು ಬಂದರೂ ಡಯಾಫ್ರಾಮ್, ಎಕ್ಸಾಸ್ಟ್ ವಾಲ್ವ್ ಅಥವಾ ಮೌತ್‌ಪೀಸ್ ಎಲ್ಲೋ ಬಿಟ್ಟಿದೆ ಎಂದು ತಿಳಿಯಿರಿ. ಹಾಗಂತ ಸರ್ವಿಸ್ ತಪ್ಪಿಸಬೇಡಿ. ಬಿಸಿಡಿಯನ್ನು ಬಾಯಿಂದ ಊದಿ ರಾತ್ರಿ ಇಟ್ಟರೆ ಬೆಳಿಗ್ಗೆಯೂ ಗಟ್ಟಿಯಾಗಿರಬೇಕು. ಹೊಸ ಮಾಸ್ಕ್ ಆದರೆ ಗಾಜಿನ ಒಳಗೆ ಬಿಳಿ ಟೂತ್‌ಪೇಸ್ಟ್ ಹಚ್ಚಿ ಚೆನ್ನಾಗಿ ಉಜ್ಜಿ ತೊಳೆಯಿರಿ. ಅದರ ಮೇಲಿನ ತೆಳು ಪದರ ಹೋಗದಿದ್ದರೆ ನೀರಿನಲ್ಲಿ ಮಂಜು ಕಟ್ಟುತ್ತದೆ.

ಬಿಡಿಭಾಗದ ಡಬ್ಬಿ ನನಗೆ ಬಹಳ ಇಷ್ಟದ್ದು. ಅದರಲ್ಲಿ ಮೌತ್‌ಪೀಸ್, ಜಿಪ್ ಟೈ, ಮಾಸ್ಕ್ ಪಟ್ಟಿ, ಫಿನ್ ಪಟ್ಟಿ, ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ ಅಂದರೆ ಓ-ರಿಂಗ್ ಇರುತ್ತವೆ. ಈ ವಿಷಯದಲ್ಲಿ ಬೆಳಗಾವಿಯವರು ಅದೃಷ್ಟವಂತರು. ಇಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗ್ ಸುತ್ತ ಹೈಡ್ರಾಲಿಕ್ ಕೆಲಸ ಜಾಸ್ತಿ ಅಲ್ವಾ, ಓ-ರಿಂಗ್ ಹುಡುಕಲು ದೂರ ಹೋಗಬೇಕಿಲ್ಲ. ಯೋಕ್ ಸಿಲಿಂಡರಿನ (ರೆಗ್ಯುಲೇಟರ್ ಹೊರಗಿನಿಂದ ಬಿಗಿಯುವ ಬಗೆ) ಬಾಯಿಗೆ ಸಾಮಾನ್ಯವಾಗಿ ಬೇಕಾಗುವುದು 014 ಅಳತೆ, 90 ಗಡಸಿನ ನೈಟ್ರೈಲ್ ರಿಂಗ್. ಅಳತೆ ಹೇಳಿಯೇ ಕೇಳಿ, ಕಣ್ಣಂದಾಜಿಗೆ ತರಬೇಡಿ. ರೆಗ್ಯುಲೇಟರ್ ಒಳಗಿನ ರಿಂಗ್‌ಗಳನ್ನು ಮಾತ್ರ ಸರ್ವಿಸ್ ಮಾಡುವವರೇ ಮುಟ್ಟಲಿ. ನಿಮ್ಮ ರೆಗ್ಯುಲೇಟರ್ ಡಿಐಎನ್ (ಸಿಲಿಂಡರಿನ ಬಾಯೊಳಗೆ ತಿರುಗಿಸಿ ಕೂರಿಸುವ ಬಗೆ) ಆಗಿದ್ದರೆ ಸೆಂಟರಿಗೆ ಮೊದಲೇ ಫೋನ್ ಮಾಡಿ, ಅಲ್ಲಿ ಯೋಕ್ ಸಿಲಿಂಡರ್ ಇದ್ದರೆ ಅಡಾಪ್ಟರ್ ಬೇಕಾಗುತ್ತದೆ.

ಪವರ್ ಬ್ಯಾಂಕ್, ಬಿಡಿ ಲಿಥಿಯಂ ಬ್ಯಾಟರಿ ಕೈಬ್ಯಾಗಿನಲ್ಲೇ ಇರಬೇಕು. ಡೈವ್ ಟಾರ್ಚಿನ ಬ್ಯಾಟರಿ ತೆಗೆದು ಬೇರೆ ಇಡಿ, ಬ್ಯಾಗಿನೊಳಗೆ ತಾನಾಗಿ ಆನ್ ಆದರೆ ಆ ಟಾರ್ಚ್ ತುಂಬಾ ಬಿಸಿಯಾಗುತ್ತದೆ. ಚಾಕು ಚೆಕ್-ಇನ್‌ಗೆ. ಫಿನ್ಸ್ ಬ್ಯಾಗಿನ ಎರಡೂ ಬದಿಗೆ ನಿಲ್ಲಿಸಿ, ನಡುವೆ ವೆಟ್‌ಸೂಟ್ ಇಟ್ಟರೆ ಉಳಿದ ಸಾಮಾನಿಗೆ ಪೆಟ್ಟು ಬೀಳುವುದಿಲ್ಲ. ಸರ್ಟಿಫಿಕೇಟ್ ಕಾರ್ಡಿನ ಫೋಟೊ ಮೊಬೈಲಿನಲ್ಲೂ ಇರಲಿ. ಸೆಂಟರಿನವರಿಗೆ ಒಂದು ಡಬ್ಬಿ ಕುಂದಾ ಒಯ್ಯುತ್ತೇನೆ, ಅದರ ತೂಕಕ್ಕೆ ಒಂದು ಜೊತೆ ಬಟ್ಟೆ ಬಿಡುತ್ತೇನೆ.

ವಾಪಸ್ ಬರುವಾಗಿನ ತೂಕವನ್ನೂ ಮೊದಲೇ ಯೋಚಿಸಿ. ಒದ್ದೆ ವೆಟ್‌ಸೂಟ್, ಒದ್ದೆ ಬಿಸಿಡಿ ಸುಮ್ನೆ ಕಿಲೋಗಟ್ಟಲೆ ಏರಿಸುತ್ತವೆ. ಸಾಲಾಗಿ ಡೈವ್ ಮಾಡಿದವರು ಕೊನೆಯ ಡೈವ್ ಆದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ಆ ಹೊತ್ತನ್ನು ನಾನು ತೊಳೆದು ಒಣಗಿಸಲು ಇಡುತ್ತೇನೆ. ಸಿಹಿನೀರಿನಲ್ಲಿ ನೆನೆಸುವಾಗ ರೆಗ್ಯುಲೇಟರಿಗೆ ಮುಚ್ಚಳ ಹಾಕಿರಬೇಕು, ಸೆಕೆಂಡ್ ಸ್ಟೇಜ್ ಮೇಲಿನ ಪರ್ಜ್ ಬಟನ್ ಒತ್ತಲೇಬಾರದು, ಒತ್ತಿದರೆ ನೀರು ಒಳಗೆ ಸೇರುತ್ತದೆ. ಬಿಸಿಡಿಯ ಒಳಗೂ ಸಿಹಿನೀರು ಹಾಕಿ ಅಲ್ಲಾಡಿಸಿ ಚೆಲ್ಲಿ, ಇಲ್ಲವಾದರೆ ಉಪ್ಪು ಒಳಗೇ ಕೂರುತ್ತದೆ. ಎಲ್ಲವನ್ನೂ ನೆರಳಲ್ಲೇ ಹರವಿ. ಬೆಳಗಾವಿಯ ಮಳೆಗಾಲದಲ್ಲಿ ಬೂಸು ಬೇಗ ಹಿಡಿಯುತ್ತದೆ, ಅದಕ್ಕೆ ಮನೆಗೆ ಬಂದ ದಿನವೇ ವೆಟ್‌ಸೂಟನ್ನು ಮತ್ತೆ ಫ್ಯಾನ್ ಕೆಳಗೆ ದಪ್ಪ ಹ್ಯಾಂಗರಿಗೆ ಹಾಕುತ್ತೇನೆ.