ದೀಪ ಆರಿದ ಮೇಲೆ ದಿನದ ವಿಚಾರಣೆ: ಸೆನೆಕ ಅನುಸರಿಸಿದ ಕ್ರಮ

ಕೋಪವನ್ನು ಕುರಿತು ತನ್ನ ಅಣ್ಣ ನೊವಾಟಸ್‌ನನ್ನು ಉದ್ದೇಶಿಸಿ ಬರೆದ ಗ್ರಂಥದ ಮೂರನೆಯ ಭಾಗದಲ್ಲಿ ರೋಮಿನ ಚಿಂತಕ ಸೆನೆಕ ತನ್ನದೊಂದು ರೂಢಿಯನ್ನು ಹೇಳಿಕೊಂಡಿದ್ದಾನೆ. ರಾತ್ರಿ ದೀಪ ಆರಿ, ಗಂಡನ ಅಭ್ಯಾಸ ಬಲ್ಲ ಹೆಂಡತಿಯೂ ಮಾತು ನಿಲ್ಲಿಸಿದ ಮೇಲೆ, ಅವನು ಅಂದಿನ ತನ್ನ ನಡೆನುಡಿಗಳನ್ನೆಲ್ಲ ತನ್ನೆದುರು ತಾನೇ ವಿಚಾರಣೆಗೆ ತಂದುಕೊಳ್ಳುತ್ತಿದ್ದ. ಇದನ್ನು ಇಂದಿಗೂ ಯಾರು ಬೇಕಾದರೂ ಮಾಡಬಹುದು; ಹತ್ತು ನಿಮಿಷ ಮತ್ತು ಕತ್ತಲೆ ಇದ್ದರೆ ಸಾಕು. ಮೊಬೈಲು ಮಾತ್ರ ಬೇರೆ ಕೋಣೆಯಲ್ಲಿರಲಿ (ಸೆನೆಕನಿಗೆ ಆ ತೊಂದರೆಯಿರಲಿಲ್ಲ).

ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಅವನಿಗೆ ಸೆಕ್ಸ್ಟಿಯಸ್ ಎಂಬ ಹಿಂದಿನ ತತ್ತ್ವಜ್ಞಾನಿಯಿಂದ ಬಂದವು: ಇಂದು ಯಾವ ಕೆಟ್ಟ ಚಾಳಿಯನ್ನು ವಾಸಿಮಾಡಿಕೊಂಡೆ, ಯಾವ ದೋಷವನ್ನು ತಡೆದೆ, ಯಾವ ವಿಷಯದಲ್ಲಿ ಮೊದಲಿಗಿಂತ ಮೇಲಾದೆ? ಉತ್ತರಿಸುವಾಗ ‘ನಾನು ಮುಂಗೋಪಿ’ ಎಂಬಂಥ ಸಾರಾಸಗಟು ಮಾತಿಗೆ ಎಡೆಗೊಡಬಾರದು. ಅದು ತಪ್ಪೊಪ್ಪಿಗೆಯಂತೆ ಕೇಳಿಸಿದರೂ ನುಣುಚಿಕೊಳ್ಳುವ ದಾರಿಯೇ. ಬೆಳಗಿನಿಂದ ನಡೆದದ್ದನ್ನು ಒಂದೊಂದಾಗಿ ನೆನೆಯುತ್ತ ಬಂದು ಒಂದು ಘಟನೆಯ ಬಳಿ ನಿಲ್ಲಬೇಕು. ಸೆನೆಕ ಹೆಸರಿಸುವ ಪ್ರಸಂಗಗಳೂ ಸಣ್ಣವೇ: ಚರ್ಚೆಯಲ್ಲಿ ಜಗಳಗಂಟನಂತೆ ಮಾತನಾಡಿದ್ದು, ಒಬ್ಬನಿಗೆ ಮಿತಿಮೀರಿ ಬುದ್ಧಿ ಹೇಳಲು ಹೋಗಿ ಅವನನ್ನು ತಿದ್ದದೆ ನೋಯಿಸಿದ್ದು, ಔತಣದಲ್ಲಿ ಕೆಳಮಟ್ಟದ ಆಸನ ಸಿಕ್ಕಿತೆಂದು ಸಿಡುಕಿದ್ದು.

ಇವುಗಳಲ್ಲಿ ಎರಡನೆಯದೇ ನಮ್ಮನ್ನು ಹೆಚ್ಚು ಕಾಡುವಂಥದು. ಆಡಿದ ಮಾತು ನಿಜವೇ ಎಂದಷ್ಟೇ ಕೇಳಿಕೊಂಡರೆ ಪ್ರತಿ ಸಲವೂ ನಾವೇ ಗೆಲ್ಲುತ್ತೇವೆ. ಆದುದರಿಂದಲೇ ಸೆನೆಕ, ಕೇಳುವವನು ಆ ನಿಜವನ್ನು ತಾಳಿಕೊಳ್ಳಬಲ್ಲನೇ ಎಂಬುದನ್ನೂ ನೋಡೆಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಆರಂಭದಲ್ಲಿ ನಾನು ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ವಾರ ಕಳೆದು ತೆರೆದು ನೋಡಿದರೆ ಅದರಲ್ಲಿದ್ದುದು ಬಹುಪಾಲು ಬೇರೆಯವರ ತಪ್ಪುಗಳು! ಅಂದಿನಿಂದ ‘ನಾನು’ ಎಂದು ಆರಂಭವಾಗದ ವಾಕ್ಯವನ್ನು ವಿಚಾರಣೆಗೆ ಸೇರಿಸುವುದಿಲ್ಲ.

ಇನ್ನು ತೀರ್ಪು. ತಪ್ಪನ್ನು ಮುಚ್ಚಿಡಬಾರದು, ಹಾಗೆಂದು ತನ್ನನ್ನು ತಾನು ಹಳಿದುಕೊಳ್ಳುತ್ತ ನಡುರಾತ್ರಿಯವರೆಗೆ ಹೊರಳಾಡಲೂ ಬಾರದು. ಇನ್ನೊಮ್ಮೆ ಹೀಗೆ ಮಾಡಬೇಡ, ಈ ಸಲಕ್ಕೆ ಕ್ಷಮಿಸಿದ್ದೇನೆ ಎಂಬುದಷ್ಟೇ ಸೆನೆಕ ತನಗೆ ವಿಧಿಸಿಕೊಳ್ಳುತ್ತಿದ್ದ ತೀರ್ಪು. ಪ್ರತಿದಿನ ನ್ಯಾಯಾಧೀಶನ ಮುಂದೆ ನಿಲ್ಲಬೇಕೆಂದು ಗೊತ್ತಿರುವ ಕೋಪ ತಾನಾಗಿ ತಗ್ಗುತ್ತದೆಂಬುದು ಅವನ ಎಣಿಕೆ. ಅದು ಒಂದೆರಡು ದಿನಗಳಲ್ಲಿ ಆಗುವ ಕೆಲಸವಲ್ಲ. ತೀರ್ಪಾದ ಮೊಕದ್ದಮೆಯನ್ನು ಮತ್ತೆ ತೆರೆಯದೆ, ಮಗ್ಗುಲು ಬದಲಿಸಿ ಮಲಗಬೇಕು.