ಮೂರ್ನಾಲ್ಕು ಮಕ್ಕಳ ಮನೆಯಲ್ಲಿ ಶಾಲೆಯ ಬೆಳಗು

ಬೆಳಗಿನ ಹೊತ್ತನ್ನು ಹೆಚ್ಚು ತಿನ್ನುವುದು ಹುಡುಕಾಟ: ಒಂಟಿ ಕಾಲುಚೀಲ, ಬೆಲ್ಟು, ಸಹಿಯಾಗದ ಡೈರಿ.

ಪ್ರತಿ ಮಗುವಿಗೂ ಒಂದು ಬಣ್ಣ ಗೊತ್ತುಮಾಡಿ. ನೀರಿನ ಬಾಟಲಿ, ಟವೆಲು, ಊಟದ ಡಬ್ಬಿಯ ಚೀಲ ಅದೇ ಬಣ್ಣದ್ದಿರಲಿ. ಎಲ್ಲರದೂ ಒಂದೇ ಯೂನಿಫಾರ್ಮ್ ಆದರೆ ಕಾಲರಿನ ಒಳಗೆ ಅದೇ ಬಣ್ಣದ ದಾರದಲ್ಲಿ ನಾಲ್ಕು ಹೊಲಿಗೆ ಹಾಕಿ. ಪೆನ್ನಿನಲ್ಲಿ ಬರೆದ ಹೆಸರು ಒಗೆದಂತೆ ಮಾಸುತ್ತದೆ. ಕಾಲುಚೀಲವನ್ನು ಒಬ್ಬೊಬ್ಬರಿಗೆ ಒಂದೇ ನಮೂನೆಯ 5 ಜೊತೆ ತನ್ನಿ. ಒಂದು ಕಳೆದರೂ ಉಳಿದವು ಜೊತೆಯಾಗುತ್ತವೆ. ವಾಷಿಂಗ್ ಮೆಷಿನ್ನಿಗೆ ಹಾಕುವಾಗ ಮಗುವಿಗೊಂದು ಜಿಪ್ಪಿನ ಬಲೆಚೀಲ ಬಳಸಿ, ಅರ್ಧದಷ್ಟೇ ತುಂಬಿ. ಕಿಕ್ಕಿರಿದರೆ ಕೊಳೆ ಬಿಡುವುದಿಲ್ಲ.

ರಾತ್ರಿ ಊಟವಾದ ಮೇಲೆ 15 ನಿಮಿಷ ಸಾಕು. ಡೈರಿಗೆ ಸಹಿ ಹಾಕಿ. ಯೂನಿಫಾರ್ಮ್, ಬೆಲ್ಟು, ಕಾಲುಚೀಲ ಒಂದೇ ಹ್ಯಾಂಗರಿಗೆ. ಚೀಲದ ಕೊಕ್ಕೆಯನ್ನು ಮಗುವಿನ ಭುಜದ ಎತ್ತರಕ್ಕೇ ಹೊಡೆಸಿ. ದೊಡ್ಡವರ ಎತ್ತರಕ್ಕಿದ್ದರೆ ಚೀಲ ನೆಲದಲ್ಲೇ ಬೀಳುತ್ತದೆ, ಬೈದು ಪ್ರಯೋಜನವಿಲ್ಲ. ಡೈರಿಯ ಸಹಿ ನಿಮ್ಮದು; ಬಟ್ಟೆ ಜೋಡಿಸುವುದು, ಚೀಲ ತೂಗುಹಾಕುವುದನ್ನು ಆರು ವರ್ಷದ ಮಗು ತಾನೇ ಮಾಡಬಲ್ಲದು, ದಯವಿಟ್ಟು ಮಾಡಲು ಬಿಡಿ.

ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ದಪ್ಪ ಬಟ್ಟೆ ಒಣಗಲು ಎರಡು ದಿನವೂ ಬೇಕಾದೀತು. ಅಲ್ಲಿ ಮೂರನೆಯ ಜೊತೆ ಯೂನಿಫಾರ್ಮ್ ಇರಲೇಬೇಕು.