ಸಭೆಯನ್ನೂ ಬಿಡದೆ, ಅವಳನ್ನೂ ಬಿಡದೆ

ನಾನು ಕೋಲಾರದ ಒಂದು ಕನ್ನಡ ಕ್ರೈಸ್ತ ಸಭೆಯ ಸದಸ್ಯೆ. ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ, ಕ್ವಾಯರಿನಲ್ಲಿ ಹಾಡುತ್ತೇನೆ. ಒಬ್ಬ ಹೆಣ್ಣನ್ನು ಪ್ರೀತಿಸಿ, ಅವಳೊಂದಿಗೆ ಇದೇ ಊರಿನಲ್ಲಿ ಸಂಸಾರ ಮಾಡುತ್ತಿದ್ದೇನೆ. ಇವೆರಡನ್ನೂ ಹೇಗೆ ಉಳಿಸಿಕೊಂಡೆ ಎಂದು ಇದೇ ಸಂಕಟದಲ್ಲಿರುವ ಕೆಲವು ಯುವಜನರು ಕೇಳಿದ್ದರಿಂದ ಬರೆಯುತ್ತಿದ್ದೇನೆ.

ಬೆಂಗಳೂರಿಗೆ ಹೋಗಿಬಿಡು ಎಂಬ ಸಲಹೆ ಎಲ್ಲಕ್ಕಿಂತ ಮೊದಲು ಬರುತ್ತದೆ. ದೂರವೇನೂ ಹೆಚ್ಚಲ್ಲ, ಸುಮಾರು 70 ಕಿ.ಮೀ.; ಅಲ್ಲಿ ನಮ್ಮಂಥವರ ಕೂಟಗಳೂ ಇವೆ. ಆದರೆ ನನ್ನ ವಿಶ್ವಾಸ ಒಂಟಿಯಾಗಿ ಬೆಳೆದದ್ದಲ್ಲ. ಅಪ್ಪ ತೀರಿಕೊಂಡಾಗ ಮನೆಯ ಮುಂದೆ ಶಾಮಿಯಾನ ಹಾಕಿಸಿದವರು, ಹೊತ್ತುಹೊತ್ತಿಗೆ ಅಡುಗೆ ತಂದವರು, ರಾತ್ರಿಯೆಲ್ಲ ಕುಳಿತು ಹಾಡಿದವರು ಈ ಸಭೆಯವರೇ. ಅವರನ್ನು ಬಿಟ್ಟು ವಿಶ್ವಾಸವನ್ನು ಮಾತ್ರ ಜೊತೆಗೆ ಒಯ್ಯುವುದು ನನಗೆ ಸಾಧ್ಯವೆನಿಸಲಿಲ್ಲ.

ಹಾಗಾಗಿ ಮೊದಲು ಸತ್ಯವೇದದೊಂದಿಗೆ ಕುಳಿತೆ. ನಮ್ಮ ವಿರುದ್ಧ ಎತ್ತುವ ವಚನಗಳು ಕೆಲವೇ: ಯಾಜಕಕಾಂಡ 18:22, ರೋಮಾಪುರದವರಿಗೆ 1:26-27, 1 ಕೊರಿಂಥದವರಿಗೆ 6:9, ಜೊತೆಗೆ ಆದಿಕಾಂಡ 19ರ ಸೊದೋಮಿನ ಕಥೆ. ಅವುಗಳನ್ನು ಹಾರಿಸದೆ, ಪ್ರತಿಯೊಂದನ್ನೂ ಅದರ ಹಿಂದುಮುಂದಿನ ಅಧ್ಯಾಯಗಳೊಂದಿಗೆ ಓದಿದೆ. ಸೊದೋಮಿನ ಗಂಡಸರು ಬಂದದ್ದು ಅತಿಥಿಗಳ ಮೇಲೆ ಬಲಾತ್ಕಾರ ಮಾಡುವುದಕ್ಕೆ. ಆ ಊರಿನ ಅಪರಾಧವನ್ನು ಯೆಹೆಜ್ಕೇಲ 16:49 ಎಣಿಸುವಾಗ ಗರ್ವವನ್ನೂ, ಹೊಟ್ಟೆ ತುಂಬಿದವರ ನಿಶ್ಚಿಂತೆಯನ್ನೂ, ದೀನದರಿದ್ರರಿಗೆ ಕೈನೀಡದಿರುವುದನ್ನೂ ಮೊದಲು ಹೇಳುತ್ತದೆ. ಮುಂದಿನ ವಚನದಲ್ಲಿ ಅಸಹ್ಯಕಾರ್ಯದ ಮಾತೂ ಇದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಅಪೊಸ್ತಲ ಪೌಲನ ಮಾತು ಇದಕ್ಕಿಂತ ಕಠಿಣ. ದೇವರನ್ನು ಬಿಟ್ಟು ವಿಗ್ರಹಗಳ ಕಡೆಗೆ ತಿರುಗಿದವರ ಕಾಮಾತುರತೆಯನ್ನು ಅವನು ಅಲ್ಲಿ ವರ್ಣಿಸುತ್ತಿದ್ದಾನೆಯೇ ಹೊರತು, ಪ್ರಾರ್ಥಿಸುತ್ತ ಒಬ್ಬರಿಗೊಬ್ಬರು ನಿಷ್ಠರಾಗಿ ಬಾಳುವ ಇಬ್ಬರನ್ನಲ್ಲ ಎಂದು ನಾನು ಓದುತ್ತೇನೆ. ಈ ಓದನ್ನು ಒಪ್ಪದ ಸಜ್ಜನರು ನಮ್ಮ ಸಭೆಯಲ್ಲಿದ್ದಾರೆ, ಅವರ ಪಕ್ಕದಲ್ಲೇ ಮೊಣಕಾಲೂರಿ ಪ್ರಭುಭೋಜನದ ರೊಟ್ಟಿ ದ್ರಾಕ್ಷಾರಸ ಸ್ವೀಕರಿಸುತ್ತೇನೆ.

ನನ್ನನ್ನು ನಿಜವಾಗಿ ಎತ್ತಿ ನಿಲ್ಲಿಸಿದ್ದು ಬೇರೆ ಭಾಗಗಳು. ಧರ್ಮೋಪದೇಶಕಾಂಡ 23:1 ಸಭೆಯಿಂದ ಹೊರಗಿಟ್ಟ ನಪುಂಸಕರಿಗೆ ಯೆಶಾಯ 56ನೆಯ ಅಧ್ಯಾಯವು ಗಂಡು ಹೆಣ್ಣು ಮಕ್ಕಳಿಗಿಂತಲೂ ಮೇಲಾದ ಹೆಸರನ್ನು, ಅದೂ ದೇವಾಲಯದ ಒಳಗೇ, ವಾಗ್ದಾನ ಮಾಡುತ್ತದೆ. ಅಪೊಸ್ತಲರ ಕೃತ್ಯಗಳು 8ರಲ್ಲಿ ಐಥಿಯೋಪ್ಯದ ಕಂಚುಕಿ, ಅಂದರೆ ಅರಮನೆಯ ನಪುಂಸಕ ಅಧಿಕಾರಿ, ರಥದಲ್ಲಿ ಕುಳಿತು ಓದುತ್ತಿದ್ದದ್ದು ಅದೇ ಯೆಶಾಯನ ಗ್ರಂಥವನ್ನು. ನನಗೆ ದೀಕ್ಷಾಸ್ನಾನವಾಗಲು ಅಡ್ಡಿಯೇನು ಎಂದು ಅವನು ಕೇಳಿದಾಗ ಸುವಾರ್ತೆ ಸಾರುತ್ತಿದ್ದ ಫಿಲಿಪ್ಪನು ಅವನೊಂದಿಗೆ ನೀರಿಗಿಳಿಯುತ್ತಾನೆ.

ಇಷ್ಟು ಗಟ್ಟಿಯಾದ ಮೇಲೆಯೇ ಬಾಯಿಬಿಟ್ಟೆ, ಅದೂ ಒಬ್ಬೊಬ್ಬರಿಗೆ, ಅವರವರ ಮನೆಯಲ್ಲಿ. ಸಣ್ಣ ಊರಿನಲ್ಲಿ ಸಾಕ್ಷಿ ಹೇಳುವ ಹಾಗೆ ಎಲ್ಲರ ಮುಂದೆ ನಿಂತು ಹೇಳಿದರೆ ಕೇಳಿದವರು ಅಲ್ಲೇ ಪಕ್ಷ ಹಿಡಿಯಬೇಕಾಗುತ್ತದೆ; ಮನೆಯಲ್ಲಿ ಹೇಳಿದರೆ ಯೋಚಿಸಲು, ಅಳಲು, ಮತ್ತೆ ಕೇಳಲು ಅವಕಾಶವಿರುತ್ತದೆ. ಪಾಸ್ಟರ್ ಅಯ್ಯನವರನ್ನು ನೇರವಾಗಿಯೇ ಕೇಳಿದೆ: "ಅಯ್ಯನವರೇ, ನನ್ನನ್ನು ಪ್ರಭುಭೋಜನದಿಂದ ನಿಲ್ಲಿಸುತ್ತೀರಾ?" ಅವರು ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "ಆ ಮೇಜು ನನ್ನದಲ್ಲಮ್ಮ, ಕರ್ತನದು. ಆದರೆ ಮದುವೆ ಆಶೀರ್ವಾದ ಮಾತ್ರ ಕೇಳಬೇಡ, ಅದು ನನ್ನ ಕೈಯಲ್ಲಿಲ್ಲ." ನಾನು ಕೇಳಿಲ್ಲ. ಕೇಳುವ ಆಸೆ ಇದೆ.

ಅಮ್ಮನದು ಬೇರೆಯೇ ದುಃಖ. ಸಂಬಂಧಗಳು ಬರುತ್ತಿದ್ದ ಕಾಲವದು. ಬಂಧುವೊಬ್ಬರು ನನ್ನನ್ನು ದೆವ್ವ ಬಿಡಿಸುವ ಬಿಡುಗಡೆ ಪ್ರಾರ್ಥನೆಗೆ, ಆಮೇಲೆ ಡಾಕ್ಟರ ಬಳಿಗೆ ಕರೆದೊಯ್ಯುವಂತೆ ಅಮ್ಮನಿಗೆ ಹೇಳಿದ್ದರು. ಎರಡಕ್ಕೂ ನಾನು ಒಪ್ಪಲಿಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಸಲಿಂಗ ಸಂಬಂಧ ಅಪರಾಧವಲ್ಲವೆಂದದ್ದನ್ನೂ, ಲೈಂಗಿಕ ಒಲವನ್ನು ಬದಲಿಸುತ್ತೇವೆಂದು ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆಯೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸಾರಿದ್ದನ್ನೂ ಅಮ್ಮನಿಗೆ ವಿವರಿಸಿದೆ. ಅವಳ ಉಪವಾಸ ಪ್ರಾರ್ಥನೆಯನ್ನು ಮಾತ್ರ ತಡೆಯಲಿಲ್ಲ. "ಅಮ್ಮ, ಇವಳನ್ನು ಬದಲಾಯಿಸು ಅಂತ ಕೇಳಬೇಡ, ಇವರಿಬ್ಬರನ್ನೂ ಕಾಪಾಡು ಅಂತ ಕೇಳು" ಎಂದಷ್ಟೇ ಹೇಳಿದೆ. ಈಗ ಮನೆಯ ಪ್ರಾರ್ಥನೆಯಲ್ಲಿ ನನ್ನ ಸಂಗಾತಿಯ ಹೆಸರನ್ನು ಅಮ್ಮ ನನ್ನ ಹೆಸರಿನ ಹಿಂದೆಯೇ ಹೇಳುತ್ತಾಳೆ.

ಸ್ತ್ರೀಯರ ಸಂಘದ ಹಿರಿಯರೊಬ್ಬರು, ಇದು ಕುಟುಂಬವಾಗುವುದು ಹೇಗೆ ಎಂದು ಕೇಳಿದಾಗ ನಮ್ಮ ಊರಿನ ಚರಿತ್ರೆಯನ್ನೇ ನೆನಪಿಸಿದೆ. 1876-78ರ ಧಾತು ಈಶ್ವರ ಬರಗಾಲದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳನ್ನು ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಮಹಿಳೆ ಕೋಲಾರದಲ್ಲಿ ಸಾಕಿದರು. 1890ರಲ್ಲಿ ಆ ಕೆಲಸ ಅಮೆರಿಕದ ಮೆಥೋಡಿಸ್ಟ್ ಮಿಷನ್ನಿನ ಕೈಸೇರಿತು. ಇಲ್ಲಿನ ಎಷ್ಟೋ ಕ್ರೈಸ್ತ ಮನೆತನಗಳ ಹಾಗೆ ನಮ್ಮ ಮನೆತನವೂ ಆ ಅನಾಥರಿಂದ ಬಂದದ್ದು. ರಕ್ತಸಂಬಂಧವಿಲ್ಲದವರು ದೇವರ ಮುಂದೆ ಅಣ್ಣತಮ್ಮ ಅಕ್ಕತಂಗಿಯರಾಗಿ ಬಾಳಿದ್ದರಿಂದಲೇ ನಾವಿದ್ದೇವೆ. ಆ ಅಜ್ಜಿ ವಾದಿಸಲಿಲ್ಲ. ಮುಂದಿನ ಸುಗ್ಗಿ ಹಬ್ಬಕ್ಕೆ ನಮ್ಮಿಬ್ಬರನ್ನೂ ಒಟ್ಟಿಗೇ ಕರೆದರು. ಮುಳಬಾಗಿಲಿನ ಹಿಂದೂ ಮನೆಯಿಂದ ಬಂದ ನನ್ನ ಸಂಗಾತಿ ಅಂದು ಸಭೆಗೆ ಬಂದ ಬೆಳೆ ಕಾಣಿಕೆಗಳ ಹರಾಜಿನಲ್ಲಿ ಕುಂಬಳಕಾಯಿ ಕೂಗಿ ಗೆದ್ದಳು. ಅಲ್ಲಿಂದಾಚೆಗೆ ಜನ ಅವಳನ್ನು ಹೆಸರು ಹಿಡಿದು ಮಾತನಾಡಿಸುತ್ತಾರೆ.

ಕಾನೂನು ನಮ್ಮನ್ನು ದಂಪತಿಗಳೆಂದು ಗುರುತಿಸುವುದಿಲ್ಲ. ಸುಪ್ರೀಂ ಕೋರ್ಟಿನ 2023ರ ಅಕ್ಟೋಬರ್ 17ರ ತೀರ್ಪು ಆ ವಿಷಯವನ್ನು ಶಾಸಕಾಂಗಕ್ಕೆ ಬಿಟ್ಟಿತು. ಹಾಗಾಗಿ ಮಾಡಬಹುದಾದಷ್ಟನ್ನು ಕಾಗದದಲ್ಲಿ ಮಾಡಿಕೊಂಡಿದ್ದೇವೆ. ನಮ್ಮಂಥ ಕ್ವಿಯರ್ ಜನರು ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ತಡೆಯಿಲ್ಲವೆಂದು ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದ ಮೇಲೆ ಬ್ಯಾಂಕಿನಲ್ಲಿ ಕೆಲಸ ಸುಲಭವಾಯಿತು. ಇಬ್ಬರೂ ಉಯಿಲು ಬರೆದಿದ್ದೇವೆ.

ಉಳಿದಿರುವುದು ಸಭೆಯ ಕುಟುಂಬ ರಿಜಿಸ್ಟರು. ನಮ್ಮ ಮನೆಯ ಪುಟದಲ್ಲಿ ಅವಳ ಹೆಸರನ್ನೂ ಬರೆಯಬೇಕೆಂದು ಅರ್ಜಿ ಕೊಟ್ಟಿದ್ದೇನೆ. ಸಭೆಯ ಕಮಿಟಿ ಅದನ್ನು ತಳ್ಳಿಹಾಕಿಲ್ಲ, ಒಪ್ಪಿಯೂ ಇಲ್ಲ.